ಅಂಟಿಸಿದ ಲೇಬಲ್ಲು

ಮಾವ ಎರಡೂ ಮಗ್ಗುಲು ಪೂರ್ತಿ ಕೇಳಿ ‘ಇದು ಸತ್ತಿದೆ’ ಎಂದು ಹೇಳುವವರೆಗೆ ನಮ್ಮ ಮನೆಯಲ್ಲಿ ಯಾವ ಗ್ರಾಮಫೋನ್ ರೆಕಾರ್ಡನ್ನೂ ಕತ್ತರಿಸುವಂತಿರಲಿಲ್ಲ. ಹಾಗೆ ಹೇಳಿದ ಮೇಲೆ ಅವರು ಅದರ ಕವರಿನ ಮೂಲೆಯಲ್ಲಿ ಸೀಮೆಸುಣ್ಣದಿಂದ ಒಂದು ಗುರುತು ಹಾಕುತ್ತಿದ್ದರು. ಗುರುತು ಬಿದ್ದದ್ದು ನನ್ನ ಮೇಜಿಗೆ, ಬೀಳದ್ದು ಅವರ ಕಪಾಟಿಗೆ.

ಮಾವ ನಲವತ್ತು ವರ್ಷ ಮದುವೆ, ಸಭೆ, ಸಮಾರಂಭಗಳಿಗೆ ಮೈಕು ಹಾಕಿದವರು. ಬೀದಿಗೆಲ್ಲ ಅವರು ‘ಮೈಕ್ ಮಾವ’. ಅಂಗಡಿ ಮುಚ್ಚಿ ಆರು ವರ್ಷವಾಗಿದ್ದರೂ ಶಾಲೆಯ ವಾರ್ಷಿಕೋತ್ಸವಕ್ಕೆ ಈಗಲೂ ಅವರನ್ನೇ ಕರೆಯುತ್ತಿದ್ದರು. ಉಳಿದ ರೆಕಾರ್ಡುಗಳು ಹಿಂದಿನ ಕೋಣೆಯ ಗೋಡೆಯುದ್ದಕ್ಕೂ ನಿಂತಿದ್ದವು. ನನ್ನ ಗಂಡ ಜ್ವರ ಬಂದು ಹನ್ನೊಂದನೆಯ ದಿನ ತೀರಿಕೊಂಡ ಮೇಲೆ ನಾನು ಆ ಕೋಣೆಯಲ್ಲಿ ಹೋಗಿ ಕೂರುತ್ತಿದ್ದೆ. ಒಂದು ದಿನ ಮಾವ ಗೀರು ಬಿದ್ದ ರೆಕಾರ್ಡೊಂದನ್ನು ತಂದು ನನ್ನ ಮುಂದಿಟ್ಟರು. “ಇದು ಇನ್ನು ಹಾಡಲ್ಲ. ಏನಾದ್ರೂ ಮಾಡ್ಕೋ” ಎಂದರು. ನಾನು ಅದರಲ್ಲಿ ಒಂದು ಹಕ್ಕಿ ಕೊರೆದೆ. ಅತ್ತೆ ಅದಕ್ಕೆ ಕಟ್ಟು ಹಾಕಿಸಿ ಪಕ್ಕದ ಮನೆಯವರಿಗೆ ಮಾರಿದರು. ಶುರುವಾದದ್ದು ಹಾಗೆ.

ಕೆಲಸ ಕಷ್ಟದ್ದಲ್ಲ. ಚಿತ್ರವನ್ನು ತೆಳು ಕಾಗದದ ಮೇಲೆ ಬರೆದು ರೆಕಾರ್ಡಿನ ಹಿಂಬದಿಗೆ ಅಂಟಿಸುತ್ತೇನೆ. ಮುಂಬದಿಗೆ ಗೀರು ಬೀಳಬಾರದು. ದಾರದಂಥ ಅಲಗಿನ ಗರಗಸದಿಂದ ಗೆರೆ ಹಿಡಿದು ಕೊರೆಯುತ್ತೇನೆ. ನಡುವಿನ ಬಣ್ಣದ ಲೇಬಲ್ಲನ್ನು ಹಾಗೇ ಬಿಡುತ್ತೇನೆ. ಅದು ಸೂರ್ಯನಾಗುತ್ತದೆ, ಬಂಡಿಯ ಚಕ್ರವಾಗುತ್ತದೆ. ಬಿಳಿ ರಟ್ಟಿನ ಮೇಲಿಟ್ಟು ಗಾಜು, ಕಟ್ಟು ಕೂರಿಸಿದರೆ ಮುಗಿಯಿತು. ಕರಿ ಪುಡಿ ಮಾತ್ರ ಮನೆಯೆಲ್ಲ ಹಾರುತ್ತದೆ.

“ಅನ್ನದಲ್ಲೂ ಹಾಡು ಸಿಗ್ತಿದೆ ಕಣೇ” ಎಂದು ಅತ್ತೆ ಹಲ್ಲಿಗೆ ಸಿಕ್ಕಿದ್ದನ್ನು ತೆಗೆದು ತೋರಿಸುತ್ತಿದ್ದರು.

“ಯಾವ ಹಾಡು ಅಂತ ಅಪ್ಪನ್ನ ಕೇಳು, ಹೇಳಿಬಿಡ್ತಾರೆ” ಎನ್ನುತ್ತಿದ್ದಳು ನಾದಿನಿ.

ನಾದಿನಿ ಬಸ್ ನಿಲ್ದಾಣದ ಎದುರಿನ ಪ್ರಿಂಟಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅವಳ ಸಂಬಳ ಮತ್ತು ನನ್ನ ಚೌಕಟ್ಟುಗಳಿಂದ ಮನೆ ನಡೆಯುತ್ತಿತ್ತು.

ಗಡಿಯಾರ ರಿಪೇರಿಯವರು ಬಟ್ಟೆ ಚೀಲದಲ್ಲಿ ಎರಡು ರೆಕಾರ್ಡು ಇಟ್ಟುಕೊಂಡು ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಅವರ ಹೆಂಡತಿ ತೀರಿಕೊಂಡು ಮೂರು ತಿಂಗಳಾಗಿತ್ತು. ಆಕೆ ಹೊಲಿಗೆ ಕೆಲಸ ಮಾಡುತ್ತಿದ್ದವರು. ಚೀಲದಿಂದ ತೆಗೆದಿಟ್ಟಾಗ ಎರಡೂ ಒಂದೇ ಹಾಡುಗಳ ರೆಕಾರ್ಡು, ಒಂದೇ ಥರದ ಕವರು.

“ಮದುವೆಗೆ ಮುಂಚೆ ನಾನೊಂದು ತಗೊಂಡಿದ್ದೆ, ಅವಳೂ ಒಂದು ತಗೊಂಡಿದ್ಲು. ಮದುವೆಯಾಗಿ ಪೆಟ್ಟಿಗೆ ಬಿಚ್ಚಿದ್ರೆ ಮನೇಲಿ ಎರಡು” ಎಂದರು.

“ಒಂದು ಮಾರಿಬಿಡಬೇಕಿತ್ತು” ಎಂದರು ಅತ್ತೆ.

“ನಿಂದು ಮಾರು ಅಂತ ಅವಳು, ನಿಂದೇ ಮಾರು ಅಂತ ನಾನು. ಆ ಜಗಳ ಕೊನೇವರೆಗೂ ತೀರ್ಲಿಲ್ಲ.”

ತನ್ನದು ಯಾವುದೆಂದು ತಿಳಿಯಲು ಆಕೆ ತನ್ನ ರೆಕಾರ್ಡಿನ ಮುಂಬದಿಯ ಲೇಬಲ್ಲಿನ ಮೇಲೆ ನೀಲಿ ಪೆನ್ನಿನಿಂದ ಸಹಿ ಮಾಡಿದ್ದರು. ಗಂಡ ಅಂಗಡಿಗೆ ಹೋದ ಮೇಲೆ ಹೊಲಿಯುತ್ತ ಅದನ್ನೇ ಹಾಕಿಕೊಂಡು ಕೇಳುತ್ತಿದ್ದರಂತೆ. ಪ್ಲೇಯರ್ ಕೆಟ್ಟು ಇಪ್ಪತ್ತು ವರ್ಷವಾಗಿತ್ತು. ಈಗ ಗಡಿಯಾರದವರು ಹಳೆಯದೊಂದು ಪ್ಲೇಯರ್ ಕೊಂಡು ತಾವೇ ಸರಿಮಾಡಿಕೊಂಡಿದ್ದರು.

“ಅವಳದರಲ್ಲಿ ಅವಳ ಚಿತ್ರ ಕೊರೆದು ಕೊಡಮ್ಮ. ಹೊಲಿಗೆ ಯಂತ್ರದ ಮುಂದೆ ಕೂತ ಹಾಗೆ. ಆ ಲೇಬಲ್ಲು ಯಂತ್ರದ ಚಕ್ರ ಆಗ್ಲಿ, ಸಹಿ ಕಾಣ್ಲಿ. ನಂದನ್ನ ತೊಳೆದು ಕೊಡಿ ಯಜಮಾನ್ರೇ, ನಾನು ಕೇಳ್ಕೊಂಡಿರ್ತೀನಿ.”

“ಮೊದಲು ಕೇಳ್ತೀನಿ. ಅವರದು ಬದುಕಿದ್ರೆ ಕತ್ತರಿಸೋಕೆ ಕೊಡಲ್ಲ” ಎಂದರು ಮಾವ.

ಮಧ್ಯಾಹ್ನದವರೆಗೆ ಕೇಳಿದರು. ಸಾರು ಆರಿಹೋಗುತ್ತದೆಂದು ಅತ್ತೆ ಎರಡು ಸಲ ಕೂಗಿದರು. ಕೊನೆಗೆ ಮಾವ ಸಹಿಯಿದ್ದ ರೆಕಾರ್ಡಿನ ಕವರಿಗೆ ಸುಣ್ಣದ ಗುರುತು ಹಾಕಿದರು. “ಇದು ಮೂರನೇ ಹಾಡಲ್ಲಿ ಮೂರು ಕಡೆ ಎಡವತ್ತೆ. ಸತ್ತಿದೆ. ನಿಮ್ಮದು ಮಾತ್ರ ಮದುಮಗಳ ಹಾಗಿದೆ.”

“ನೀವು ಹೇಳಿದ್ರೆ ಮುಗೀತು” ಎಂದು ಗಡಿಯಾರದವರು ಎರಡನ್ನೂ ಬಿಟ್ಟುಹೋದರು.

ಮರುದಿನ ಮಾವನ ಬಲಗಣ್ಣಿಗೆ ಪೊರೆ ತೆಗೆಯುವ ಆಪರೇಷನ್ ಆಯಿತು. ಕಣ್ಣಿಗೆ ಪಟ್ಟಿ. ಇನ್ನೊಂದು ಕಣ್ಣು ಮೊದಲೇ ಮಂಜು. ದಿನಕ್ಕೆ ಆರು ಸಲ ಪಟ್ಟಿ ಸರಿಸಿ ಹನಿ ಹಾಕಬೇಕಿತ್ತು. ಒಬ್ಬರು ರೆಪ್ಪೆ ಹಿಡಿಯಬೇಕು, ಒಬ್ಬರು ಹನಿಸಬೇಕು.

ಆ ವಾರ ನಾನು ಸಹಿಯ ಅಳತೆ ನೋಡಲು ಎರಡೂ ರೆಕಾರ್ಡು ಹೊರತೆಗೆದು ಮೇಜಿನ ಮೇಲೆ ಜೋಡಿಸಿದ್ದೆ. ಅತ್ತೆ ಒಳಗಿನಿಂದ, “ಬಾರೇ, ಹನಿಗೆ ಹೊತ್ತಾಯ್ತು, ಇವರು ತಲೆ ನಿಲ್ಲಿಸ್ತಿಲ್ಲ!” ಎಂದು ಕೂಗಿದರು. ಹೋಗಿ ಬಂದೆ. ಎರಡನ್ನೂ ಕವರಿಗೆ ಹಾಕಿಟ್ಟೆ. ಮಾರನೆಯ ದಿನ ಸುಣ್ಣದ ಗುರುತಿದ್ದ ಕವರಿನಿಂದ ರೆಕಾರ್ಡು ತೆಗೆದೆ, ಹಿಂಬದಿಗೆ ಚಿತ್ರ ಅಂಟಿಸಿದೆ, ಎರಡು ದಿನ ಕೊರೆದೆ. ಬಾಗಿದ ಕತ್ತು, ತುರುಬು, ಬಟ್ಟೆ ಹಿಡಿದ ಕೈ, ಎಲ್ಲ ಚೆನ್ನಾಗಿ ಬಂತು. ಪುಡಿ ಒರೆಸಿ ತಿರುಗಿಸಿ ನೋಡಿದೆ. ಲೇಬಲ್ಲಿನ ಮೇಲೆ ಸಹಿ ಇರಲಿಲ್ಲ.

ಇನ್ನೊಂದು ಕವರು ಬಿಚ್ಚಿದೆ. ಸಹಿ ಅದರೊಳಗಿತ್ತು.

ಅಡುಗೆಮನೆಗೆ ಹೋಗಿ ಅತ್ತೆಗೆ ಹೇಳಿದೆ. ಅವರು ಆಲೂಗಡ್ಡೆ ಹೆಚ್ಚುತ್ತಿದ್ದರು. ಚಾಕು ಕೆಳಗಿಡಲಿಲ್ಲ.

“ಮೆತ್ತಗೆ ಮಾತಾಡು, ಅವರು ಎದ್ದಿದಾರೆ. ಅಂಥದೇ ಇನ್ನೊಂದು ಎಲ್ಲೂ ಸಿಗಲ್ವಾ?”

“ಇಲ್ಲ.”

“ಲೇಬಲ್ಲು ಕಿತ್ತು ಇದರದ್ದು ಅದಕ್ಕೆ ಹಾಕೋಕೆ?”

“ಬರಲ್ಲ ಅತ್ತೆ. ಅದು ಅಂಟಿಸಿದ್ದಲ್ಲ. ತಟ್ಟೆ ಜೊತೇನೇ ಬಿಸೀಲಿ ಒತ್ತಿರ್ತಾರೆ.”

ಸಂಜೆ ನಾದಿನಿ ಬಂದಾಗ ಅತ್ತೆ ಬಾಗಿಲಲ್ಲೇ ಅವಳನ್ನು ತಡೆದು ಎಲ್ಲ ಹೇಳಿದರು. ಅವಳು ಲೇಬಲ್ಲನ್ನು ಬೆಳಕಿಗೆ ಹಿಡಿದು ನೋಡಿದಳು.

“ಇದೇನು ದೊಡ್ಡ ವಿಷಯ. ಎರಡನ್ನೂ ಸ್ಕ್ಯಾನ್ ಮಾಡಿ ಪ್ರಿಂಟ್ ತೆಗೀತೀನಿ. ಸಹಿ ಇರೋದನ್ನ ಚಿತ್ರದ ಮೇಲೆ ಅಂಟಿಸು, ಸಹಿ ಇಲ್ಲದ್ದನ್ನ ಆ ಇನ್ನೊಂದರ ಮೇಲೆ. ಗಾಜಿನ ಹಿಂದೆ ದೇವರಿಗೂ ಗೊತ್ತಾಗಲ್ಲ.”

“ತೀರಿಕೊಂಡವರ ಸಹಿ” ಎಂದೆ.

“ಅದಕ್ಕೇ ಅಲ್ವಾ ಅತ್ತಿಗೆ, ಅವರು ಬಂದು ಕೇಳಲ್ಲ” ಎಂದಳು. ಆಮೇಲೆ ನಾಲಿಗೆ ಕಚ್ಚಿಕೊಂಡು ಚಪ್ಪಲಿ ಬಿಡಲು ಹೋದಳು.

ನಾನು ಬೇಡ ಎನ್ನಲಿಲ್ಲ. ಎರಡು ದುಂಡನೆಯ ಕಾಗದ ಕತ್ತರಿಸಿ ನಾನೇ ಅಂಟಿಸಿದೆ. ಅಂಚು ಕಾಣದಂತೆ ಬೆರಳಿನಿಂದ ಒತ್ತಿದೆ. ಕೆಲಸ ನಾಜೂಕಾಗಿತ್ತು.

ಗಡಿಯಾರದವರು ಬಂದು ಚೌಕಟ್ಟು ನೋಡಿದರು. ಮೊದಲು ದೂರದಿಂದ ನೋಡಿದರು, ಆಮೇಲೆ ಕನ್ನಡಕ ತೆಗೆದು ಹತ್ತಿರದಿಂದ. ಗಾಜಿನ ಮೇಲೆ, ಸಹಿ ಇದ್ದ ಜಾಗದಲ್ಲಿ, ಬೆರಳಿಟ್ಟರು.

“ಹೀಗೇ ಬರೀತಿದ್ಲು. ಕೊನೇ ಅಕ್ಷರದ ಬಾಲ ಉದ್ದ” ಎಂದರು.

ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದ ಮಾವ, “ನನ್ನ ಸೊಸೆ ಕೈ ಅದು” ಎಂದರು, ಹೆಮ್ಮೆಯಿಂದ.

ಗಡಿಯಾರದವರು ಒಂದು ಚೀಲ ಕಿತ್ತಳೆ ತಂದಿದ್ದರು. ಅತ್ತೆ ಬಿಡಿಸಿ ಎಲ್ಲರಿಗೂ ಕೊಟ್ಟರು. ನಾನೂ ತಿಂದೆ.

ಮಾವನ ಪಟ್ಟಿ ಬಿಚ್ಚಿ ನಾಲ್ಕು ದಿನವಾಗಿತ್ತು. ಚೌಕಟ್ಟಿನ ಜೊತೆ ಒಯ್ದಿದ್ದ ರೆಕಾರ್ಡು ಹಿಡಿದುಕೊಂಡು ಗಡಿಯಾರದವರು ಮತ್ತೆ ಬಂದರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

“ಮದುಮಗಳು ಅಂದ್ರಲ್ಲ ಯಜಮಾನ್ರೇ. ಮೂರನೇ ಹಾಡಲ್ಲಿ ಮೂರು ಕಡೆ ಮುಗ್ಗರಿಸ್ತಾಳೆ.”

“ಅದು ನಿಮ್ಮ ಯಜಮಾನ್ತಿಯವರದಲ್ವಾ?”

“ಅವರದು ಗೋಡೆ ಮೇಲಿದೆ. ಸಹಿ ಸಮೇತ. ಇದು ನಂದು. ನೋಡಿ, ಸಹಿ ಎಲ್ಲಿದೆ?”

ಮಾವ ಲೇಬಲ್ಲು ನೋಡಿದರು. ಹೊಸ ಕಣ್ಣಿನಿಂದ ನೋಡಿದರು. ನಾನು ಬಾಗಿಲ ಬಳಿ ನಿಂತಿದ್ದೆ. ಅವರು ರೆಕಾರ್ಡು ಹಾಕಿದರು. ಮೂರನೆಯ ಹಾಡು ಬಂತು. ಒಂದು ಕಡೆ ಎಡವಿತು, ಇನ್ನೊಂದು ಕಡೆ, ಮತ್ತೊಂದು ಕಡೆ. ಮಾವ ಮುಳ್ಳು ಎತ್ತಿ ಮತ್ತೆ ಇಟ್ಟರು. ಮತ್ತೆ ಅದೇ.

“ಹಾಗಾದ್ರೆ ನಾನು ಅದನ್ನ ಇದು ಅಂದ್ಕೊಂಡೆ” ಎಂದರು ನಿಧಾನವಾಗಿ.

“ಅಂದ್ರೆ ಅವಳದು ಬದುಕಿತ್ತು! ನಿಮ್ಮ ಮಾತು ನಂಬಿ ಬದುಕಿದ್ದನ್ನ ಕೊಯ್ಯೋಕೆ ಕೊಟ್ಟೆ. ಕಿವಿ ಕೇಳಿಸ್ದೇ ಇದ್ರೆ ಕೇಳಿಸಲ್ಲ ಅನ್ಬೇಕು. ನಂಗೆ ಕಣ್ಣು ಸರಿ ಕಾಣ್ದೇ ಹೋದ ದಿನ ನಾನು ಅಂಗಡಿ ಬಾಗಿಲು ಹಾಕ್ದೆ. ಊರೋರ ಗಡಿಯಾರ ಹಾಳು ಮಾಡ್ಕೊಂಡು ಕೂರ್ಲಿಲ್ಲ.”

ಮಾವ ಕೈ ಮುಗಿದರು. “ತಪ್ಪಾಯ್ತು” ಎಂದರು.

ಅತ್ತೆ ನನ್ನ ಮುಖ ನೋಡಿದರು. ನೋಡಿ, ಒಲೆಯ ಉರಿ ಸಣ್ಣ ಮಾಡಲು ಒಳಗೆ ಹೋದರು.

ಆಮೇಲಿನ ವಾರಗಳಲ್ಲಿ ನಡೆದದ್ದು ಇಷ್ಟು. ಮಾವ ಪ್ಲೇಯರಿನ ಮೇಲೆ ಹಳೆಯ ಹಾಸಿಗೆ ಹೊದಿಕೆ ಸುತ್ತಿ ಮಂಚದ ಕೆಳಗೆ ತಳ್ಳಿದರು. ನಾನು ಹೊಸ ರೆಕಾರ್ಡುಗಳನ್ನು ಕೇಳಿ ನೋಡಲು ಕೊಟ್ಟರೆ, “ನಿನಗೆ ಬೇಕಾದ್ದು ಕತ್ತರಿಸ್ಕೋ” ಎಂದರು. ಯಾರು ಏನು ಹೇಳಿದರೂ ‘ಏನಂದೆ?’ ಎನ್ನಲು ಶುರುಮಾಡಿದರು. ಮೊದಲು ಒಂದೇ ಸಲಕ್ಕೆ ಕೇಳಿಸುತ್ತಿದ್ದದ್ದಕ್ಕೂ ಹಾಗೆ ಅನ್ನುತ್ತಿದ್ದರು. ಊಟಕ್ಕೆ ಕೂತರೆ ನಮ್ಮ ಬಾಯಿಯನ್ನೇ ನೋಡುತ್ತಿದ್ದರು.

“ಅಪ್ಪ, ಟೀವಿ ಇಷ್ಟು ಜೋರಾಗಿ ಇಟ್ರೆ ಪಕ್ಕದ ಮನೆಯವರು ತಮ್ಮ ಟೀವಿ ಹಾಕೋದೇ ಬೇಡ” ಎಂದಳು ನಾದಿನಿ.

“ಜೋರಾಗಿದೆಯಾ? ನಂಗೆ ಸರಿಯಾಗೇ ಕೇಳ್ತಿತ್ತು” ಎಂದು ಮಾವ ಹೆದರಿದವರಂತೆ ಆರಿಸಿಯೇಬಿಟ್ಟರು. ನಾದಿನಿ ತಟ್ಟೆ ತೆಗೆದುಕೊಂಡು ಎದ್ದುಹೋದಳು.

ಕ್ಷೌರದ ಅಂಗಡಿಯಲ್ಲಿ ಗಡಿಯಾರದವರು ಎಲ್ಲ ಹೇಳಿದ್ದರು. ಹಾಲು ತರಲು ಹೋದ ಅತ್ತೆಗೆ ಅಲ್ಲಿ ಕೂತಿದ್ದವರ ಮಾತು ಕೇಳಿಸಿತಂತೆ. ಮೈಕ್ ಮಾವ ಹೋಗಿ ‘ಕಿವುಡ ಮೈಕು’ ಆಗಿತ್ತು. ಮುಂದಿನ ತಿಂಗಳು ಮಾವ ಕ್ಷೌರಕ್ಕೆ ಹೋಗಲಿಲ್ಲ. ಕನ್ನಡಿ ಹಿಡಿದುಕೊಂಡು ತಾವೇ ಕತ್ತರಿಸಿಕೊಂಡರು. ಕಿವಿಯ ಹಿಂದೆ ಮೆಟ್ಟಿಲು ಮೆಟ್ಟಿಲಾಗಿತ್ತು. ಶಾಲೆಯ ಹೆಡ್ಮಾಸ್ಟರು ವಾರ್ಷಿಕೋತ್ಸವಕ್ಕೆ ಕರೆಯಲು ಬಂದಾಗ ಮಾವ ಹೊಸಿಲು ದಾಟದೆ, “ಬೇರೆ ಯಾರಾದ್ರೂ ನೋಡ್ಕೊಳ್ಳಿ ಸಾರ್. ನನ್ನ ಕಾಲ ಮುಗೀತು” ಎಂದರು.

“ಕಿವಿ ವಿಷಯ ಅಲ್ವಾ? ಜನ ಏನೋ ಅಂತಾರೆ, ನೀವು...”

“ಜನ ಸರಿಯಾಗೇ ಅಂತಾರೆ” ಎಂದರು ಮಾವ.

ಹೆಡ್ಮಾಸ್ಟರು ಹೋದ ಮೇಲೆ ನಾನು ಅಡುಗೆಮನೆಯಲ್ಲಿ ಅತ್ತೆಗೆ, “ನಾನು ಹೇಳಿಬಿಡ್ತೀನಿ” ಎಂದೆ.

“ಹೇಳಿ?”

“ಅವರಿಗೆ ಕಿವಿ ಚೆನ್ನಾಗಿದೆ ಅಂತಾದ್ರೂ ಗೊತ್ತಾಗ್ಲಿ.”

“ನನ್ನ ಗಂಡನ ಕಿವಿ ನಂಗೊತ್ತಿಲ್ವಾ? ಡಬ್ಬಿಯಲ್ಲಿ ಸಕ್ಕರೆ ಎಷ್ಟಿದೆ ಅಂತ ಅಲ್ಲಾಡಿಸಿದ ಸದ್ದಲ್ಲೇ ಹೇಳೋ ಮನುಷ್ಯ.” ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. “ವಯಸ್ಸಾದವರಿಗೆ ಕಿವಿ ಹೋಯ್ತು ಅಂದ್ರೆ ಯಾರೂ ಕೆಟ್ಟದಾಗಿ ಮಾತಾಡಲ್ಲ. ಎರಡು ದಿನ ನಗ್ತಾರೆ, ಬಿಡ್ತಾರೆ. ನೀನು? ಗಂಡ ಇಲ್ಲದವಳು, ಸತ್ತವರ ಸಹಿ ನಕಲು ಮಾಡಿದಳು ಅಂತಾದ್ರೆ ನಿನ್ನ ಹತ್ರ ಯಾರು ಕೆಲಸ ಕೊಡ್ತಾರೆ? ಇವಳನ್ನ ಪ್ರಿಂಟಿಂಗ್ ಅಂಗಡೀಲಿ ಇಟ್ಕೋತಾರಾ? ನನಗೆ ಒಬ್ಬರ ಮಾನ ಹೋಗೋದು ಸಾಕು. ಮೂರು ಜನರದ್ದು ಬೇಡ.”

“ಅಮ್ಮ, ಆ ಒಬ್ಬರು ಏನೂ ಮಾಡೇ ಇಲ್ವಲ್ಲ” ಎಂದಳು ನಾದಿನಿ.

“ಮಾಡಿದವಳು ನೀನು. ಪ್ರಿಂಟ್ ತೆಗೀವಾಗ ಈ ಬುದ್ಧಿ ಎಲ್ಲಿತ್ತು?”

“ನೀನು ಹೇಳಿದ್ದಕ್ಕೆ ತೆಗೆದೆ!”

“ನಾನು ಬಾಗಿಲಲ್ಲಿ ನಿಂತು ಕಷ್ಟ ಹೇಳ್ಕೊಂಡೆ. ಪ್ರಿಂಟ್ ತೆಗಿ ಅಂದ್ನಾ?”

ಹೊರಗಿನಿಂದ ಮಾವ, “ಏನಂತೆ? ಏನಾದ್ರೂ ಅಂದ್ರಾ?” ಎಂದು ಕೂಗಿದರು. ಅತ್ತೆ ಜೋರಾಗಿ, ಒಂದೊಂದೇ ಮಾತು ಬಿಡಿಸಿ, “ಏ-ನೂ ಇ-ಲ್ಲ” ಎಂದರು. ಕಿವುಡರಿಗೆ ಹೇಳುವ ಹಾಗೆ. ಅವತ್ತೂ ನಾನು ಹೇಳಲಿಲ್ಲ. ಅತ್ತೆಯ ಮಾತಿನಲ್ಲಿ ನನಗೆ ಅನುಕೂಲವಿತ್ತು.

ಒಂದು ಮಂಗಳವಾರ ಅತ್ತೆ ಸಂತೆಗೂ ನಾದಿನಿ ಕೆಲಸಕ್ಕೂ ಹೋಗಿದ್ದರು. ಮಾವ ನನ್ನ ಮೇಜಿನ ಬಳಿ ಬಂದು ನಿಂತರು.

“ಒಂದು ಉಪಕಾರ ಮಾಡಮ್ಮ. ಡಾಕ್ಟರ ಹತ್ರ ಹೋಗೋಕೆ ನಾಚಿಕೆ. ಎಷ್ಟು ಹೋಗಿದೆ ಅಂತ ನೀನೇ ನೋಡಿ ಹೇಳು. ನಾನು ಆ ಕಡೆ ತಿರುಗಿ ಕೂರ್ತೀನಿ. ನೀನು ಬಾಗಿಲ ಹಿಂದಿನಿಂದ ಏನಾದ್ರೂ ಹೇಳು. ನಾನು ಹಾಗೇ ತಿರುಗಿ ಹೇಳ್ತೀನಿ. ತಪ್ಪಿದ್ರೆ ತಪ್ಪು ಅನ್ನು.”

ಗೋಡೆಯ ಕಡೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತರು. ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡರು, ಪರೀಕ್ಷೆಗೆ ಕೂತವರಂತೆ. ನಾನು ಬಾಗಿಲ ಹಿಂದೆ ನಿಂತೆ.

“ಹಾಲು ಕಾಯಿಸಿದೆ.”

“ಹಾಲು ಕಾಯಿಸಿದೆ.”

“ಬಟ್ಟೆ ಇನ್ನೂ ಒಣಗಿಲ್ಲ.”

“ಬಟ್ಟೆ ಇನ್ನೂ ಒಣಗಿಲ್ಲ. ನೀನು ಕನಿಕರಪಟ್ಟು ಜೋರಾಗಿ ಹೇಳ್ತಿದೀಯ. ಮೆತ್ತಗೆ ಹೇಳು.”

ಅಡುಗೆಮನೆಯವರೆಗೆ ಹಿಂದೆ ಸರಿದೆ. ನನಗೇ ಕೇಳಿಸದಷ್ಟು ಮೆಲ್ಲಗೆ, “ಅಂಗಳದಲ್ಲಿ ಕಾಗೆ ಇದೆ” ಎಂದೆ.

“ಅಂಗಳದಲ್ಲಿ ಕಾಗೆ ಇದೆ. ಇದೆಯಾ?”

“ಇಲ್ಲ.”

“ಮತ್ತೆ ಸುಳ್ಳು ಯಾಕೆ ಹೇಳ್ತೀಯ?” ಎಂದು ಮಾವ ನಕ್ಕರು. ಐದು ವಾರಗಳಲ್ಲಿ ಅವರು ನಕ್ಕಿದ್ದು ಅದೇ ಮೊದಲು. “ಇನ್ನೊಂದು ಹೇಳು.”

“ರೆಕಾರ್ಡು ಅದಲುಬದಲು ಮಾಡಿದ್ದು ನಾನು.”

“ರೆಕಾರ್ಡು ಅದಲುಬದಲು ಮಾಡಿದ್ದು ನಾನು” ಎಂದರು ಮಾವ, ಅದೇ ಧ್ವನಿಯಲ್ಲಿ.

“ಸಹಿ ಪ್ರಿಂಟ್ ತೆಗೆಸಿ ಅಂಟಿಸಿದೆ.”

“ಸಹಿ ಪ್ರಿಂಟ್ ತೆಗೆಸಿ...”

ಅಲ್ಲಿಗೆ ನಿಂತರು. ತಿರುಗಿ ನೋಡಲಿಲ್ಲ. ನಾನು ಅಡುಗೆಮನೆಯಿಂದಲೇ ಉಳಿದದ್ದೆಲ್ಲ ಹೇಳಿದೆ. ಧ್ವನಿ ಏರಿಸುವ ಅಗತ್ಯವಿರಲಿಲ್ಲ.

“ನಿಮ್ಮತ್ತೆಗೆ ಗೊತ್ತಾ?”

“ಗೊತ್ತು.”

“ನಿನ್ನ ನಾದಿನಿಗೆ?”

“ಗೊತ್ತು.”



“ಐದು ವಾರ ನಾನು ಕಿವುಡ ಅಂದ್ಕೊಂಡು ಊಟಕ್ಕೆ ಕೂತೆ. ಮೂರೂ ಜನ ಬಡಿಸಿದ್ರಿ.”

ಸ್ಟೂಲಿನಿಂದ ಎದ್ದರು.

“ಚಪ್ಪಲಿ ಹಾಕ್ಕೋ” ಎಂದರು.

ಗಡಿಯಾರದವರ ಮನೆ ಎರಡು ಬೀದಿ ಆಚೆ. ದಾರಿಯುದ್ದಕ್ಕೂ ಮಾವ ಮುಂದೆ, ನಾನು ಹಿಂದೆ. ಗಡಿಯಾರದವರು ಬಾಗಿಲು ತೆರೆದಾಗ ಚೌಕಟ್ಟು ಎದುರು ಗೋಡೆಯ ಮೇಲೇ ಇತ್ತು. “ಹೇಳು” ಎಂದರು ಮಾವ. ನಾನು ಹೇಳಿದೆ. ಮನೆಗೆ ತಂದದ್ದರಲ್ಲಿ ಯಾವುದು ಯಾವುದಾಯಿತು, ಅಂಟಿಸಿದ ಕಾಗದದ ಕೆಳಗೆ ಏನಿದೆ, ಎಲ್ಲವನ್ನೂ. ನಾದಿನಿಯ ಹೆಸರು ಬರಬೇಕಾದಲ್ಲೂ ನನ್ನದನ್ನೇ ಹೇಳಿದೆ.

ಗಡಿಯಾರದವರು ಚೌಕಟ್ಟಿನ ಹತ್ತಿರ ಹೋದರು. “ಹಾಗಾದ್ರೆ ಇದು ನಂದು. ನಾನು ದಿನಾ ಬೆಳಿಗ್ಗೆ ಎದ್ದು ಪ್ರಿಂಟ್ ನೋಡ್ತಿದ್ದೆ” ಎಂದರು.

“ಅದರ ಮೇಲಿನ ಕಾಗದ ನೆನೆಸಿ ತೆಗೆದುಕೊಡ್ತೀನಿ. ನಿಮ್ಮ ಹತ್ರ ಇರೋದರ ಮೇಲಿಂದೂ ತೆಗೀತೀನಿ. ಅವರ ಸಹಿ ಕೆಳಗೇ ಇದೆ...”

“ಬೇಡ. ಇನ್ನು ನೀನು ಏನೂ ಮುಟ್ಟಬೇಡ.”

ಅವರು ನನ್ನನ್ನು ಬೈಯಲಿಲ್ಲ. ಮಾವನ ಕಡೆ ತಿರುಗಿ ಕುರ್ಚಿ ಎಳೆದು ಮುಂದಿಟ್ಟರು. ಮಾವ ಕೂರಲಿಲ್ಲ.

“ಕ್ಷೌರದ ಅಂಗಡೀಲಿ ನಾನು ಆಡಿದ ಮಾತು...” ಎಂದರು ಗಡಿಯಾರದವರು.

“ನಿಮಗೆ ಗೊತ್ತಿದ್ದದ್ದು ಹೇಳಿದ್ರಿ” ಎಂದರು ಮಾವ.

ಹೊರಗೆ ಬಂದು ಮನೆಯ ಕಡೆ ತಿರುಗುವ ಮೂಲೆಯಲ್ಲಿ ಮಾವ ತಿರುಗಲಿಲ್ಲ. ನೇರ ಹೋದರು. ಎಲ್ಲಿಗೆಂದು ತಿಳಿದಾಗ ನಾನು ಅಲ್ಲೇ ನಿಂತೆ.

“ಮಾವ, ಅಲ್ಲಿ ಗಂಡಸರೇ ಇರ್ತಾರೆ.”

“ನನ್ನ ಬಗ್ಗೆ ಮಾತಾಡಿದ್ದೂ ಗಂಡಸರೇ.”

ಕ್ಷೌರದ ಅಂಗಡಿಯಲ್ಲಿ ಒಬ್ಬರು ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡು ಕುರ್ಚಿಯಲ್ಲಿದ್ದರು. ಹಿಂದಿನ ಬೆಂಚಿನ ಮೇಲೆ ನಾಲ್ಕೈದು ಜನ ಪತ್ರಿಕೆ ಹಂಚಿಕೊಂಡು ಓದುತ್ತಿದ್ದರು. ಮಾವ ಒಳಗೆ ಹೋಗಿ ಬೆಂಚಿನ ತುದಿಯಲ್ಲಿ ಕೂತರು. ಕಿವಿಯ ಹಿಂದಿನ ಮೆಟ್ಟಿಲು ನೋಡಿ ಕ್ಷೌರಿಕ, “ಯಾರು ಮಾವ ನಿಮ್ಮ ತಲೆ ಕೆಡಿಸಿದ್ದು?” ಎಂದ. ಬೆಂಚಿನಲ್ಲಿ ಇಬ್ಬರು ನಕ್ಕರು.

“ಅದನ್ನೇ ಹೇಳೋಕೆ ಬಂದಿದಾಳೆ. ನಮ್ಮ ಸೊಸೆ.”

ಎಲ್ಲರೂ ಬಾಗಿಲಿಗೆ ತಿರುಗಿದರು. ಕ್ಷೌರಿಕ ರೇಡಿಯೋ ಆರಿಸಿ, ಕತ್ತಿ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದ. ನೊರೆ ಹಚ್ಚಿಕೊಂಡವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ನಾನು ಹೊಸಿಲ ಹೊರಗೆ ನಿಂತಿದ್ದೆ. ನೆಲ ನೋಡಿಕೊಂಡು ಹೇಳಿದೆ. ನಮ್ಮ ಮಾವನ ಕಿವಿ ಸರಿಯಾಗಿದೆ, ಅವರು ಸರಿಯಾಗೇ ಹೇಳಿದ್ದರು, ರೆಕಾರ್ಡು ತಪ್ಪಾಗಿ ಕತ್ತರಿಸಿದ್ದು ನಾನು, ಮುಚ್ಚಿಡಲು ಸಹಿ ನಕಲು ಮಾಡಿ ಅಂಟಿಸಿದ್ದೂ ನಾನೇ ಎಂದು.

ಹೇಳಿ ಮುಗಿಸಿ ಹೊರಡಲು ತಿರುಗಿದೆ.

“ಇರು” ಎಂದರು ಮಾವ. “ಹಿಂದೆ ಕೂತೋರಿಗೆ ಕೇಳಿಸ್ಲಿಲ್ಲ.”

ನಾನು ತಲೆ ಎತ್ತಿ ಮೊದಲಿನಿಂದ ಹೇಳಿದೆ.